ನಂಜದ ಜಾಗದಲ್ಲಿ ಎಣ್ಣೆ ಮಿಲ್ಲು: ಕಾಸರಗೋಡಿನ ಒಂದು ಪರವಾನಗಿ ಪ್ರಕರಣ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆ ಬಿಟ್ಟು ಒಳದಾರಿಯಲ್ಲಿ ತುಸು ದೂರ ಹೋದರೆ, ತೆಂಗು ಕಂಗುಗಳ ನಡುವೆ ಶೀಟು ಹೊದೆಸಿದ ಒಂದು ಶೆಡ್ಡು ಸಿಗುತ್ತದೆ. ಏಳೂವರೆ ಅಶ್ವಶಕ್ತಿಯ ಮೋಟಾರು, ಕೊಬ್ಬರಿ ತುಂಡರಿಸುವ ಯಂತ್ರ, ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್, ಸೋಸುವ ಫಿಲ್ಟರ್, ಎರಡು ಸ್ಟೀಲ್ ಟ್ಯಾಂಕಿ, ಹೊರಗಡೆ ಕೊಬ್ಬರಿ ಒಣಗಿಸುವ ಗೂಡು: ಅದರ ಸೊತ್ತು ಇಷ್ಟೇ. ಗಂಡ, ಹೆಂಡತಿ ಮತ್ತು ಒಬ್ಬ ಕೆಲಸದಾಳು ಸೇರಿ ನಡೆಸುವ ಈ ಮಿಲ್ಲಿನಿಂದ ವರ್ಷಕ್ಕೆ ಸುಮಾರು ನಾಲ್ಕು ಟನ್ ತೆಂಗಿನೆಣ್ಣೆ ಮಾರಾಟಕ್ಕೆ ಹೋಗುತ್ತದೆ. ಊರವರು ತಮ್ಮದೇ ಕೊಬ್ಬರಿ ತಂದು ಕೂಲಿಗೆ ಹಿಂಡಿಸಿಕೊಂಡು ಹೋಗುವುದು ಬೇರೆ.

ನಾನು ಈ ಭಾಗದ ಸಣ್ಣ ಅಂಗಡಿ, ಮಿಲ್ಲುಗಳ ಲೆಕ್ಕಪತ್ರ ನೋಡಿಕೊಳ್ಳುವವನು. 2018 ರಿಂದ 2025 ರವರೆಗೆ ಈ ಮಿಲ್ಲಿನ ಫೈಲು ನನ್ನ ಮೇಜಿಗೆ ಬಂದುಹೋಗುತ್ತಿತ್ತು. ಅದೇ ಅವಧಿಯಲ್ಲಿ ಕೇರಳ ಸರಕಾರ ಉದ್ಯಮ ಪರವಾನಗಿಗಳನ್ನು ಮತ್ತೆ ಮತ್ತೆ ಪರಿಶೀಲಿಸಿ ಸಡಿಲಿಸಿತು. ಪ್ರತಿ ಸಡಿಲಿಕೆಯೂ ಒಂದಲ್ಲ ಒಂದು ರೀತಿಯಲ್ಲಿ ಈ ಶೆಡ್ಡಿನ ಬಾಗಿಲಿಗೆ ಬಂದು ಮುಟ್ಟಿದ್ದರಿಂದ, ಆ ಸುಧಾರಣೆಗಳು ಎಲ್ಲಿ ಕೆಲಸ ಮಾಡಿದವು, ಎಲ್ಲಿ ಮಾಡಲಿಲ್ಲ ಎಂಬುದನ್ನು ನೋಡಲು ಈ ಪ್ರಕರಣ ಅನುಕೂಲವಾಗಿದೆ. ಸಂಬಂಧಪಟ್ಟವರ ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

2018: ಮೊದಲ ಅರ್ಜಿ

ಗಂಡ ಶಾರ್ಜಾದಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದವರು. ಜಾಗ ಹೆಂಡತಿಯದು, ತವರಿನ ಪಾಲುಪಟ್ಟಿಯಲ್ಲಿ ಅವರ ಹೆಸರಿಗೆ ಬಂದ ಹನ್ನೆರಡು ಸೆಂಟ್ಸ್. ಅದರಲ್ಲಿ ಅಡಿಕೆ ಸುಲಿಯಲೆಂದು ಅವರ ತಂದೆ ಕಟ್ಟಿಸಿದ್ದ ಹಳೆಯ ಶೆಡ್ಡಿತ್ತು. ಅದನ್ನೇ ದುರಸ್ತಿ ಮಾಡಿ ಮಿಲ್ಲು ಹಾಕುವುದೆಂದು ಇಬ್ಬರೂ ನಿಶ್ಚಯಿಸಿದರು. ಹಾಗಾಗಿ ಮೊದಲಿನಿಂದಲೂ ಅರ್ಜಿದಾರರು ಹೆಂಡತಿಯೇ.

ಆಗ ಚಾಲ್ತಿಯಲ್ಲಿದ್ದದ್ದು 1994 ರ ಕೇರಳ ಪಂಚಾಯತ್ ರಾಜ್ ಕಾಯಿದೆಯಡಿ 1996 ರಲ್ಲಿ ಬಂದ ನಿಯಮಾವಳಿ. ಬಂದಾಗ ಅದರ ಹೆಸರೇ ‘ಅಪಾಯಕರ ಮತ್ತು ಉಪದ್ರವಕಾರಿ ವ್ಯಾಪಾರ ಹಾಗೂ ಕಾರ್ಖಾನೆಗಳಿಗೆ ಪರವಾನಗಿ ನೀಡುವ ನಿಯಮಗಳು’ ಎಂದಿತ್ತು. ಕಚೇರಿ ಮಾತಿನಲ್ಲಿ ‘ಡಿ ಆ್ಯಂಡ್ ಓ ಲೈಸೆನ್ಸ್’. ತೆಂಗಿನೆಣ್ಣೆ ಹಿಂಡುವುದನ್ನು ಅಪಾಯಕರ ಅಥವಾ ಉಪದ್ರವಕಾರಿ ಎಂದು ಕರೆದಾಗ ಆ ಗೃಹಿಣಿಗೆ ನಗು ಬಂದದ್ದು ನನಗೆ ನೆನಪಿದೆ. ಕಾಯಿದೆಯ 233ನೇ ಸೆಕ್ಷನ್ ಪ್ರಕಾರ ಯಂತ್ರ ಕೂರಿಸುವುದಕ್ಕೇ ಬೇರೆ ಅನುಮತಿ, 232ನೇ ಸೆಕ್ಷನ್ ಪ್ರಕಾರ ವ್ಯಾಪಾರ ನಡೆಸಲು ಇನ್ನೊಂದು. ಇವುಗಳ ಬೆನ್ನಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಕಟ್ಟಡ ನಂಬ್ರ, ತೀರ್ವೆ (ಭೂಕಂದಾಯ) ರಶೀದಿ ಮತ್ತು, ರೂಢಿಯ ಪ್ರಕಾರ, ನೆರೆಯವರ ಒಪ್ಪಿಗೆ ಪತ್ರ.

ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಅನ್ಯಾಯದ ಬೇಡಿಕೆಯಲ್ಲ. ತೊಡಕಿದ್ದದ್ದು ಅವು ಒಂದನ್ನೊಂದು ಕಾಯುತ್ತಿದ್ದ ರೀತಿಯಲ್ಲಿ. ಬ್ಯಾಂಕು ಸಾಲ ಮಂಜೂರು ಮಾಡಲು ಪರವಾನಗಿ ಕೇಳಿತು. ಪರವಾನಗಿಗೆ ಮಂಡಳಿಯ ಸಮ್ಮತಿ ಬೇಕಿತ್ತು. ಸಮ್ಮತಿಯ ಅರ್ಜಿಯಲ್ಲಿ ಯಂತ್ರಗಳ ವಿವರ ತುಂಬಬೇಕಿತ್ತು, ಯಂತ್ರ ಕೊಳ್ಳಲು ಸಾಲ ಬೇಕಿತ್ತು. ಎಂಟು ತಿಂಗಳ ಬಳಿಕ ಅವರು ಯಾರ ಮೇಲೂ ದೂರದೆ ಫೈಲು ಕಟ್ಟಿಟ್ಟರು. ಗಂಡ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು.

ಇಲ್ಲಿ ಒಂದು ಮಾತು. ನಮ್ಮಲ್ಲಿ ‘ಲೈಸೆನ್ಸ್ ರಾಜ್ 1991 ರಲ್ಲೇ ಹೋಯಿತಲ್ಲ’ ಎನ್ನುವವರಿದ್ದಾರೆ. 1991 ರ ಜುಲೈಯಲ್ಲಿ ಬಂದ ಹೊಸ ಕೈಗಾರಿಕಾ ನೀತಿ ಹದಿನೆಂಟು ಕೈಗಾರಿಕೆಗಳನ್ನು ಬಿಟ್ಟು ಮಿಕ್ಕೆಲ್ಲವನ್ನೂ 1951 ರ ಕೇಂದ್ರ ಕಾಯಿದೆಯ ಪರವಾನಗಿಯಿಂದ ಮುಕ್ತಗೊಳಿಸಿದ್ದು ನಿಜ. ಆದರೆ ಆ ಪರವಾನಗಿ ದೊಡ್ಡ ಕಾರ್ಖಾನೆಗಳದ್ದು. ಏಳೂವರೆ ಅಶ್ವಶಕ್ತಿಯ ಮಿಲ್ಲು ದೆಹಲಿಯಿಂದ ಲೈಸೆನ್ಸ್ ತರಬೇಕಾದ ಕಾಲ ಎಂದೂ ಇರಲಿಲ್ಲ. ಅದು ಕೈಚಾಚಬೇಕಾದದ್ದು ಪಂಚಾಯತಿನ ಮುಂದೆ, ರಾಜ್ಯದ ಕಾನೂನಿನ ಕೆಳಗೆ. ಆ ಪರವಾನಗಿಯತ್ತ ಸರಕಾರಗಳು ಕಣ್ಣು ಹಾಯಿಸಲು ಇನ್ನೂ ಕಾಲು ಶತಮಾನ ಬೇಕಾಯಿತು.

2022: ಒಂದು ಗಂಟೆಯಲ್ಲಿ ಬಂದ ಪ್ರಮಾಣಪತ್ರ

ಕೇರಳ 2018 ರಲ್ಲಿ ಹೂಡಿಕೆ ಪ್ರೋತ್ಸಾಹ ಮತ್ತು ಸೌಕರ್ಯ ಕಾಯಿದೆ ತಂದು ಹಲವು ಕಾನೂನುಗಳನ್ನು ಒಟ್ಟಿಗೆ ತಿದ್ದಿತು. 2019 ರಲ್ಲಿ ಕೆ-ಸ್ವಿಫ್ಟ್ ಎಂಬ ಏಕಗವಾಕ್ಷಿ ಆನ್‌ಲೈನ್ ವ್ಯವಸ್ಥೆ ಬಂತು. ಆದರೆ ಸಣ್ಣವರ ಪಾಲಿಗೆ ನಿಜವಾದ ಬದಲಾವಣೆ ತಂದದ್ದು 2019 ರ ಕೊನೆಗೆ ಬಂದ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸೌಕರ್ಯ ಕಾನೂನು. ಮಾಲಿನ್ಯದ ವಿಂಗಡಣೆಯಲ್ಲಿ ಅತಿ ಹೆಚ್ಚು ಮಾಲಿನ್ಯದ್ದೆನಿಸಿದ ಕೆಂಪು ವರ್ಗಕ್ಕೆ ಸೇರದ ಉದ್ಯಮವೊಂದು ‘ನಾನು ಕಾನೂನು ಪಾಲಿಸುತ್ತೇನೆ’ ಎಂದು ಸ್ವಯಂ ದೃಢೀಕರಣ ಸಲ್ಲಿಸಿದರೆ ಅದಕ್ಕೊಂದು ಸ್ವೀಕೃತಿ ಪ್ರಮಾಣಪತ್ರ ಸಿಗುತ್ತದೆ. ಅದರ ಬಲದ ಮೇಲೆ ರಾಜ್ಯದ ಪರವಾನಗಿಗಳಿಲ್ಲದೆಯೇ ಮೂರು ವರ್ಷ ಉದ್ಯಮ ನಡೆಸಬಹುದು. ಮೂರು ವರ್ಷ ಮುಗಿದ ಮೇಲೆ ಆರು ತಿಂಗಳೊಳಗೆ ಬೇಕಾದ ಪರವಾನಗಿಗಳನ್ನೆಲ್ಲ ಪಡೆದುಕೊಳ್ಳಬೇಕು. ರಾಜಸ್ಥಾನ ಆ ವರ್ಷದ ಮಾರ್ಚಿನಲ್ಲೇ ಇಂಥ ಕಾನೂನು ಮಾಡಿತ್ತು. ತಲಪಾಡಿಯ ಆಚೆ ಕರ್ನಾಟಕವೂ 2020 ರಲ್ಲಿ ತನ್ನ ಕೈಗಾರಿಕಾ ಸೌಕರ್ಯ ಕಾಯಿದೆಗೆ ತಿದ್ದುಪಡಿ ತಂದು ಅಫಿಡವಿಟ್ ಆಧಾರದ ಅನುಮತಿಯನ್ನು ಜಾರಿಗೊಳಿಸಿತು. ಗಡಿಯ ಎರಡೂ ಬದಿಯಲ್ಲಿ ಯೋಚನೆ ಒಂದೇ: ಮೊದಲು ಕೆಲಸ ಸುರುವಾಗಲಿ, ಕಾಗದ ಆಮೇಲೆ ಬರಲಿ.

2022-23 ನ್ನು ಕೇರಳ ‘ಉದ್ಯಮ ವರ್ಷ’ವೆಂದು ಸಾರಿ, ಒಂದು ಲಕ್ಷ ಹೊಸ ಉದ್ಯಮಗಳ ಗುರಿ ಇಟ್ಟುಕೊಂಡು, ಪಂಚಾಯತುಗಳಲ್ಲಿ ಸಹಾಯಕ್ಕೆಂದು ಯುವ ಇಂಟರ್ನ್‌ಗಳನ್ನು ನೇಮಿಸಿತು. ಕಟ್ಟಿಟ್ಟಿದ್ದ ಫೈಲು ಮತ್ತೆ ಬಿಚ್ಚಿಕೊಂಡದ್ದು ಆಗಲೇ. ಇಂಟರ್ನ್ ಹುಡುಗನೊಬ್ಬ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಸಭೆಗೆ ಬಂದು ವಿವರಿಸಿದ್ದನ್ನು ಕೇಳಿ, 2022 ರ ಮೇ ತಿಂಗಳ ಒಂದು ದಿನ ಆಕೆ ನನ್ನನ್ನೂ ಕರೆದುಕೊಂಡು, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದರು.

ಅರ್ಜಿಯ ಭಾಷೆ ಇಂಗ್ಲಿಷು, ವಿವರಣೆ ಮಲಯಾಳದ್ದು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ಕನ್ನಡ, ಮಲಯಾಳ, ತುಳು ಮೂರನ್ನೂ ಬೆರೆಸಿ ಮಾತಾಡುವವಳು. ಹೆಸರು, ಆಧಾರ್, ಉದ್ಯಮದ ಬಗೆ, ಹೂಡಿಕೆ ಎಲ್ಲ ಸರಾಗವಾಗಿ ತುಂಬಿತು. ಕೊನೆಯಲ್ಲಿ ಘೋಷಣೆಗಳ ಪುಟ ಬಂತು. ಅದರಲ್ಲಿ ಒಂದು, ಜಾಗದ ಬಳಕೆ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾಗಿಲ್ಲ ಎಂಬುದು.

“ಇದು ಎಂತ?” ಎಂದು ಆಕೆ ಕೇಳಿದರು.

“ನಿಮ್ಮದು ಗದ್ದೆ ಅಲ್ಲವಲ್ಲ ಅಕ್ಕ?”

“ಗದ್ದೆ ಎಲ್ಲಿ ಉಂಟು ಮಾರಾಯ್ತಿ! ನಾನು ಹುಟ್ಟುವಾಗಲೇ ತೆಂಗಿನ ತೋಟ.”

“ಹಾಗಾದರೆ ಟಿಕ್ ಹಾಕುವ. ಹಾಕದಿದ್ದರೆ ಇದು ಮುಂದೆ ಹೋಗುವುದೇ ಇಲ್ಲ.”

ಟಿಕ್ ಬಿತ್ತು. ಪಕ್ಕದಲ್ಲೇ ಕುಳಿತಿದ್ದ ನಾನೂ ತೀರ್ವೆ ರಶೀದಿಯ ಮೇಲಿನ ಸರ್ವೆ ನಂಬ್ರ ನೋಡಿದೆನೇ ಹೊರತು, ಜಾಗದ ಬಗೆ ಎಂದಿದ್ದ ಅಂಕಣವನ್ನು ನೋಡಲಿಲ್ಲ. ಅದು ನನ್ನದೇ ತಪ್ಪು. ಮೂರು ವರ್ಷದ ಬಳಿಕ ಬಿಗಿದ ಗಂಟು ಆ ಒಂದು ಅಂಕಣದಲ್ಲಿತ್ತು. ಒಂದು ಗಂಟೆಯೊಳಗೆ ಪ್ರಮಾಣಪತ್ರ ಮುದ್ರಣವಾಗಿ ಕೈಗೆ ಬಂತು. ಎಂಟು ತಿಂಗಳು ಅಲೆದವರಿಗೆ ಆ ಕಾಗದ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಕಟ್ಟು ಹಾಕಿಸಿ ಶೆಡ್ಡಿನ ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ ತೂಗಹಾಕಿದರು. ಬ್ಯಾಂಕು ಅದನ್ನು ಒಪ್ಪಿತು. ವಿದ್ಯುತ್ ಸಂಪರ್ಕವೂ ಬಂತು. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಮೊದಲ ಎಣ್ಣೆ ಇಳಿಯಿತು.

ಸುಧಾರಣೆಯ ಬಗ್ಗೆ ಮುಂದೆ ನಾನು ಏನೇ ಹೇಳಿದರೂ ಇದನ್ನು ಮರೆಯಲಾರೆ. ಆ ಕಾನೂನು ಇರದಿದ್ದರೆ ಈ ಮಿಲ್ಲು ಇರುತ್ತಿರಲಿಲ್ಲ.

ಪ್ರಮಾಣಪತ್ರದ ಹೊರಗೆ ಉಳಿದದ್ದು

ರಾಜ್ಯದ ಕಾನೂನು ರಾಜ್ಯದ ಪರವಾನಗಿಯನ್ನು ಮುಂದೂಡಬಲ್ಲುದು, ಕೇಂದ್ರದ್ದನ್ನು ಮುಟ್ಟಲಾರದು. ಆದ್ದರಿಂದ 2006 ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ನೋಂದಣಿ ಮೊದಲ ದಿನದಿಂದಲೇ ಬೇಕಾಯಿತು, ಪೊಟ್ಟಣದ ಮೇಲೆ ತೂಕ, ಬೆಲೆ, ವಿಳಾಸ ಮುದ್ರಿಸಲು ಕಾನೂನು ಮಾಪನ ಇಲಾಖೆಯ ಪ್ಯಾಕರ್ ನೋಂದಣಿಯೂ ಬೇಕಾಯಿತು. ಎರಡೂ ಆನ್‌ಲೈನಿನಲ್ಲಿ ಬೇಗ ಆದವು. ತಕ್ಕಡಿಗೆ ಮುದ್ರೆ ಒತ್ತಿಸಲು ಮಾತ್ರ ಅದನ್ನು ರಿಕ್ಷಾದಲ್ಲಿ ಹೊತ್ತುಕೊಂಡು ಹೋಗಬೇಕಾಯಿತು.

ಈ ಎರಡನ್ನು ಹೊರೆಯೆಂದು ಕರೆಯಲು ನನಗೆ ಮನಸ್ಸಿಲ್ಲ. 2018 ರ ಡಿಸೆಂಬರಿನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಕಲಬೆರಕೆಯ ಕಾರಣಕ್ಕೆ ತೆಂಗಿನೆಣ್ಣೆಯ 74 ಬ್ರಾಂಡುಗಳನ್ನು ಒಮ್ಮೆಲೇ ನಿಷೇಧಿಸಿತ್ತು. ಅದೇ ವರ್ಷ ಮೇ ತಿಂಗಳ ಹೊತ್ತಿಗೆ ಇನ್ನೂ 45 ನಿಷೇಧಕ್ಕೊಳಗಾಗಿದ್ದವು. ಅಗ್ಗದ ತಾಳೆ ಎಣ್ಣೆ ಬೆರೆಸಿದ ತೆಂಗಿನೆಣ್ಣೆಯನ್ನು ಮೂಗು ನಾಲಗೆಗಳಿಂದ ಪತ್ತೆ ಹಚ್ಚುವುದು ಕಷ್ಟ. ಪ್ರಯೋಗಾಲಯದಲ್ಲಿ ಅದು ಸುಲಭ: ಶುದ್ಧ ತೆಂಗಿನೆಣ್ಣೆಯ ಅಯೊಡಿನ್ ಮೌಲ್ಯ 7.5 ರಿಂದ 10 ರ ನಡುವೆ ಇರಬೇಕು, ತಾಳೆ ಎಣ್ಣೆ ಬೆರೆತರೆ ಅದು ಮೇಲೇರುತ್ತದೆ. ಪ್ರಾಮಾಣಿಕವಾಗಿ ಎಣ್ಣೆ ಹಿಂಡುವ ಸಣ್ಣವರಿಗೆ ಆ ಪರೀಕ್ಷಾ ವರದಿಯೇ ರಕ್ಷಣೆ. ಕಲಬೆರಕೆಯವರು ಕಡಿಮೆ ಬೆಲೆಗೆ ಮಾರುವ ಮಾರುಕಟ್ಟೆಯಲ್ಲಿ ‘ನಮ್ಮದು ಅಸಲಿ’ ಎಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಆದರೆ ಅಲ್ಲಿಯೂ ಒಂದು ವಿಚಿತ್ರವಿತ್ತು. ವರ್ಷದ ವಹಿವಾಟು 12 ಲಕ್ಷ ರೂಪಾಯಿಯವರೆಗಿದ್ದರೆ ವರ್ಷಕ್ಕೆ 100 ರೂಪಾಯಿಯ ಸರಳ ನೋಂದಣಿ ಸಾಕು, ಅದನ್ನು ಮೀರಿದರೆ ಸಾವಿರಗಳ ಲೆಕ್ಕದ ಶುಲ್ಕದ ರಾಜ್ಯ ಲೈಸೆನ್ಸ್ ಬೇಕು ಎಂಬುದು 2011 ರ ನಿಯಂತ್ರಣಗಳಲ್ಲಿ ಬಂದು ಆಗಲೂ ಜಾರಿಯಲ್ಲಿದ್ದ ಗೆರೆ. ಈ ಮಿಲ್ಲು ಆರಂಭವಾದಾಗ ತೆಂಗಿನೆಣ್ಣೆಯ ಬೆಲೆ ಕಿಲೋಗೆ 200 ರೂಪಾಯಿಯ ಆಸುಪಾಸಿನಲ್ಲಿತ್ತು. ನಾಲ್ಕು ಟನ್ನಿಗೆ ಎಂಟು ಲಕ್ಷ. 2025 ರ ಮಧ್ಯಭಾಗದಲ್ಲಿ ಬೆಲೆ 400 ದಾಟಿತು. ಯಂತ್ರ ಅದೇ, ಆಳು ಅದೇ, ಎಣ್ಣೆಯೂ ಅಷ್ಟೇ. ವಹಿವಾಟು ಮಾತ್ರ ಹದಿನಾರು ಲಕ್ಷ. ಕೊಬ್ಬರಿಯ ಬೆಲೆಯೂ ಏರಿದ್ದರಿಂದ ಲಾಭ ಹೆಚ್ಚಲಿಲ್ಲ, ಲೈಸೆನ್ಸಿನ ದರ್ಜೆ ಹೆಚ್ಚಿತು. ಪರವಾನಗಿಯ ಮಿತಿಯನ್ನು ರೂಪಾಯಿಯಲ್ಲಿ ಕಟ್ಟಿ ವರ್ಷಾನುಗಟ್ಟಲೆ ಹಾಗೆಯೇ ಬಿಟ್ಟರೆ, ಯಾವ ಸರಕಾರಿ ಆದೇಶವೂ ಇಲ್ಲದೆ ನಿಯಂತ್ರಣ ತಾನಾಗಿಯೇ ಬಿಗಿಯಾಗುತ್ತ ಹೋಗುತ್ತದೆ. ಪರವಾನಗಿ ಪರಿಶೀಲನೆಯ ಚರ್ಚೆಗಳಲ್ಲಿ ಈ ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನೊಂದು, ಹೊಗೆಯ ಪ್ರಕರಣ. ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಳ್ಳೆಯ ಎಣ್ಣೆಗೆ ಅದು ನೂರಕ್ಕೆ ಆರರಷ್ಟಕ್ಕೆ ಇಳಿಯಬೇಕು. ಬೇಸಗೆಯಲ್ಲಿ ಬಿಸಿಲು ಸಾಕು, ಕಾಸರಗೋಡಿನ ಮಳೆಗಾಲದಲ್ಲಿ ಗೂಡೇ ಗತಿ. ಮೊದಲ ವರ್ಷ ಖರ್ಚು ಉಳಿಸಲೆಂದು ಗೆರಟೆಯ ಜೊತೆ ಒದ್ದೆ ಸಿಪ್ಪೆಯನ್ನೂ ಗೂಡಿಗೆ ತುಂಬಿದರು. ಹೊಗೆ ತೋಟ ದಾಟಿ ನೆರೆಮನೆಯ ಅಂಗಳಕ್ಕೆ ಇಳಿಯಿತು. ನೆರೆಮನೆಯವರು ಆಕೆಯ ದೊಡ್ಡಪ್ಪನ ಮಗ. ಒಂದು ಸಂಜೆ ಒಣಹಾಕಿದ್ದ ಪಂಚೆಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು. “ಇದನ್ನು ಒಮ್ಮೆ ಮೂಸಿ ನೋಡು ತಂಗೀ. ನಾನು ನಾಳೆ ಇದನ್ನು ಉಟ್ಟುಕೊಂಡು ಅಮ್ಮನ ವರ್ಷಾಂತಿಗೆ ಕೂರಬೇಕು.”

ಪರವಾನಗಿಯ ಹೆಸರಿನಲ್ಲಿ ಮೂರು ವರ್ಷ ಯಾರೂ ತಪಾಸಣೆಗೆ ಬರುವುದಿಲ್ಲ ಎಂಬ ಕಾನೂನಿನ ಮಾತನ್ನು ಊರಲ್ಲಿ ‘ಇವರನ್ನು ಯಾರೂ ಏನೂ ಕೇಳುವಂತಿಲ್ಲ’ ಎಂದು ಅರ್ಥಮಾಡಿಕೊಂಡಿದ್ದರು. ಪಂಚಾಯತಿಗೆ ಹೋದರೂ ಪ್ರಯೋಜನವಿಲ್ಲ ಎಂದು ಭಾವಿಸಿಯೇ ಆ ಹಿರಿಯರು ನೇರವಾಗಿ ಬಂದದ್ದು. ಗಂಡ ಗೂಡಿನ ಕೊಳವೆಯನ್ನು ಎಂಟು ಅಡಿ ಎತ್ತರಿಸಿದರು, ಸಿಪ್ಪೆ ನಿಲ್ಲಿಸಿ ಒಣಗಿದ ಗೆರಟೆ ಮಾತ್ರ ಉರಿಸತೊಡಗಿದರು. ಹೊಗೆ ತಗುಲಿ ಕಪ್ಪಾಗುತ್ತಿದ್ದ ಕೊಬ್ಬರಿ ಬೆಳ್ಳಗಾಯಿತು, ಎಣ್ಣೆಯ ವಾಸನೆಯೂ ಸುಧಾರಿಸಿತು. ಬಂಧುವಾದ್ದರಿಂದ ಮಾತಿನಲ್ಲಿ ಮುಗಿಯಿತು. ಬಂಧುವಲ್ಲದ, ಬಾಡಿಗೆ ಮನೆಯ, ಊರಿಗೆ ಹೊಸಬನಾದ ನೆರೆಯವನಿದ್ದಿದ್ದರೆ ಎಲ್ಲಿಗೆ ಹೋಗಬೇಕಿತ್ತು? ಹಳೆಯ ‘ಒಪ್ಪಿಗೆ ಪತ್ರ’ದ ಪದ್ಧತಿ ಕೆಟ್ಟದ್ದೇ, ಅದು ನೆರೆಯವನ ಕೈಗೆ ಹಗೆ ತೀರಿಸುವ ಆಯುಧ ಕೊಡುತ್ತಿತ್ತು. ಅದನ್ನು ತೆಗೆದಾಗ, ದೂರು ಕೇಳಿ ಸ್ಥಳಕ್ಕೆ ಬಂದು ನೋಡುವ ಒಬ್ಬರು ಯಾರೆಂದು ಅಷ್ಟೇ ಸ್ಪಷ್ಟವಾಗಿ ಊರಿಗೆ ತಿಳಿಸಬೇಕಿತ್ತು.

2025: ಗಂಟು ಎಲ್ಲಿತ್ತು

ಪ್ರಮಾಣಪತ್ರದ ಮೂರು ವರ್ಷ 2025 ರ ಮೇ ತಿಂಗಳಿಗೆ ಮುಗಿಯುವುದಿತ್ತು. ಅದಕ್ಕೆ ಸ್ವಲ್ಪ ಮೊದಲೇ, ಫೆಬ್ರವರಿಯಲ್ಲಿ, ಕೊಚ್ಚಿಯ ಹೂಡಿಕೆ ಸಮಾವೇಶದ ಹೊತ್ತಿಗೆ, ಸರಕಾರ ಪಂಚಾಯತಿನ ಪರವಾನಗಿ ನಿಯಮಗಳ ದೊಡ್ಡ ಪರಿಷ್ಕರಣೆಯನ್ನು ಪ್ರಕಟಿಸಿತು. ಉತ್ಪಾದನಾ ಘಟಕಗಳು ಒಂದನೇ ವರ್ಗ, ವ್ಯಾಪಾರ ಮತ್ತು ಸೇವೆ ಎರಡನೇ ವರ್ಗ ಆಗಲಿವೆ, ಒಂದನೇ ವರ್ಗದವರಿಗೆ ಪಂಚಾಯತಿನ ಲೈಸೆನ್ಸ್ ಬೇಡ, ನೋಂದಣಿ ಸಾಕು, ಶುಲ್ಕ ಬಂಡವಾಳದ ಮೇಲೆ ಎಂಬುದು ಅದರ ಸಾರ. ಏಪ್ರಿಲಿನಲ್ಲಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಗ್ರಾಮ ಪಂಚಾಯತುಗಳಿಗೂ ವಿಸ್ತರಿಸಿತು. ಎಣ್ಣೆ ಮಿಲ್ಲು ಉತ್ಪಾದನಾ ಘಟಕ, ಸಂಸ್ಕರಣೆಯಿಲ್ಲದೆ ಬರೇ ಹಿಂಡುವುದಾದ್ದರಿಂದ ಮಾಲಿನ್ಯದ ವಿಂಗಡಣೆಯಲ್ಲಿ ಹಸಿರು ವರ್ಗ. ಇನ್ನೇನು, ಕೆಲಸ ಮುಗಿದಂತೆಯೇ ಎಂದುಕೊಂಡೆವು.

ನೋಂದಣಿಯ ಅರ್ಜಿ ಕಟ್ಟಡ ನಂಬ್ರ ಕೇಳಿತು. ಶೆಡ್ಡಿಗೆ ನಂಬ್ರವಿರಲಿಲ್ಲ, ಅಡಿಕೆ ಸುಲಿಯುವ ಶೆಡ್ಡಿಗೆ ಆ ಕಾಲದಲ್ಲಿ ಯಾರು ನಂಬ್ರ ಮಾಡಿಸುತ್ತಿದ್ದರು? ಸಕ್ರಮಗೊಳಿಸಲು ಅರ್ಜಿ ಹಾಕಿದಾಗ ವಿಲೇಜ್ ಆಫೀಸಿನಿಂದ ಸ್ವಾಧೀನ ಪತ್ರ ಬೇಕಾಯಿತು. ಅದು ಕೈಗೆ ಬಂದಾಗ ಜಾಗದ ಬಗೆ ಎಂಬ ಅಂಕಣದಲ್ಲಿ ಒಂದೇ ಶಬ್ದವಿತ್ತು: ‘ನಿಲಂ’. ಅಂದರೆ ಗದ್ದೆ.

ಆಕೆಯ ಅಜ್ಜನ ಕಾಲದಲ್ಲಿ ಅದು ಗದ್ದೆಯೇ. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, ಭೂಮಿಯನ್ನು ನಂಜ, ಬಾಗಾಯ್ತು, ಪುಂಜ ಎಂದು ಬರೆಯುತ್ತಿದ್ದರು; ನೀರು ನಿಲ್ಲುವ ಬೈಲು ನಂಜ, ತೋಟ ಬಾಗಾಯ್ತು, ಒಣಭೂಮಿ ಪುಂಜ. ಈ ಕುಟುಂಬದ ಹಳೆಯ ಅಡಂಗಲ್ (ಊರಿನ ಭೂದಾಖಲೆ) ಪ್ರತಿಯಲ್ಲಿ, ಉರುಟು ಕನ್ನಡ ಅಕ್ಷರದಲ್ಲಿ, ‘ನಂಜ’ ಎಂದೇ ಇದೆ. 1956 ರ ನವೆಂಬರ 1 ರಂದು ತಾಲೂಕು ಕೇರಳಕ್ಕೆ ಸೇರಿತು. ನಂಜವು ನಿಲಂ ಆಯಿತು. ಆಮೇಲೆ ಬೈಲಿನ ಗದ್ದೆ ಏರಿ ಎಬ್ಬಿಸಿ ಕಂಗು, ತೆಂಗು ಇಟ್ಟ ತೋಟವಾಯಿತು, ಕಾಗದ ಮಾತ್ರ ಗದ್ದೆಯಾಗಿಯೇ ಉಳಿಯಿತು. ಬೈಲಿನ ಬದಿಯ ಎಷ್ಟೋ ಮನೆಗಳ ಕತೆ ಇದೇ.

2008 ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೃಷಿ ಅಧಿಕಾರಿ ಸಂಚಾಲಕರಾಗಿರುವ ಸ್ಥಳೀಯ ಸಮಿತಿ ಉಳಿದಿರುವ ಗದ್ದೆಗಳ ದತ್ತಾಂಶ ಪಟ್ಟಿಯನ್ನು ಸಿದ್ಧಪಡಿಸಿತು. ಈ ಜಾಗ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಆಗಲೇ ಅದು ತೋಟ. ಆದರೆ ಕಂದಾಯ ದಾಖಲೆಯಲ್ಲಿ ನಿಲಂ. ಹೀಗೆ ಪಟ್ಟಿಯ ಹೊರಗಿದ್ದೂ ದಾಖಲೆಯಲ್ಲಿ ಗದ್ದೆಯಾಗಿ ಉಳಿದ ಜಾಗವನ್ನು ಬೇರೆ ಬಳಕೆಗೆ ಬದಲಿಸಲು 2018 ರಲ್ಲಿ ಸೇರಿಸಿದ 27ಎ ಸೆಕ್ಷನಿನಡಿ ಕಂದಾಯ ವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. 50 ಸೆಂಟ್ಸಿನವರೆಗಿನ ಜಾಗಕ್ಕೆ ‘ಫಾರಂ 6’. ಅಂದರೆ 2022 ರಲ್ಲಿ ಅಕ್ಷಯ ಕೇಂದ್ರದಲ್ಲಿ ಬಿದ್ದ ಆ ಟಿಕ್ ತೋಟವನ್ನು ನೋಡಿದರೆ ಸರಿ, ದಾಖಲೆಯನ್ನು ನೋಡಿದರೆ ತಪ್ಪು. ಮೂರು ವರ್ಷ ಯಾರೂ ಕೇಳದಿದ್ದದ್ದರಿಂದ ಅದು ಯಾರಿಗೂ ತಿಳಿಯಲಿಲ್ಲ. ಮೊದಲೇ ಕೇಳಿದ್ದರೆ ಅರ್ಜಿ ಹಾಕಲು ಮೂರು ವರ್ಷ ಸಿಗುತ್ತಿತ್ತು. ಈಗ ಉಳಿದದ್ದು ಆರು ತಿಂಗಳು.

ಕಚೇರಿಯಲ್ಲಿ ಅಡಂಗಲ್ ಪ್ರತಿಯನ್ನು ತೋರಿಸಿದಾಗ ಎದುರಿದ್ದ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಲಯಾಳದಲ್ಲಿ ಅನುವಾದ ಮಾಡಿಸಿ ತರಲು ಹೇಳಿದರು. ಅವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು, ಸೌಜನ್ಯದವರು. ಓದಲಾರದ್ದನ್ನು ಓದಲಾರೆ ಎಂದರು, ಅಷ್ಟೇ. 1969 ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕಿದೆ. ಹಕ್ಕಿನ ಮಾತೆತ್ತಿದ್ದರೆ ಅದು ಸರಿಯೇ ಆಗುತ್ತಿತ್ತು, ಫೈಲು ಮಾತ್ರ ಇನ್ನೊಂದು ತಿಂಗಳು ಕೂರುತ್ತಿತ್ತು. ಆಕೆ ಅನುವಾದ ಮಾಡಿಸಿದರು. ಕೇರಳದ್ದೇ ಆದ ಭೂಮಿಯ ಹಳೆಯ ದಾಖಲೆಯನ್ನು ಕೇರಳ ಸರಕಾರಕ್ಕೆ ಓದಿ ಹೇಳುವ ಖರ್ಚು ಅರ್ಜಿದಾರರ ತಲೆಗೆ ಬಿತ್ತು.

ಎಣಿಕೆಯ ಮಾತು

2023 ರ ಬಜೆಟ್ ಭಾಷಣದಲ್ಲಿ ಕೇಂದ್ರ ಹಣಕಾಸು ಸಚಿವರು, 39,000 ಕ್ಕೂ ಹೆಚ್ಚು ಅನುಪಾಲನೆಗಳನ್ನು (ಪಾಲಿಸಬೇಕಾದ ವಿಧಿಗಳನ್ನು) ಕಡಿಮೆ ಮಾಡಲಾಗಿದೆ, 3,400 ಕ್ಕೂ ಹೆಚ್ಚು ಕಾನೂನು ಅಂಶಗಳನ್ನು ಅಪರಾಧದ ವ್ಯಾಪ್ತಿಯಿಂದ ತೆಗೆಯಲಾಗಿದೆ ಎಂದರು. ಅದೇ ವರ್ಷ ಜನವಿಶ್ವಾಸ ಕಾಯಿದೆ 42 ಕೇಂದ್ರ ಕಾನೂನುಗಳ 183 ಅಂಶಗಳನ್ನು ತಿದ್ದಿತು. 2025 ರ ಬಜೆಟ್, ಹಣಕಾಸೇತರ ಕ್ಷೇತ್ರದ ಪರವಾನಗಿ, ಅನುಮತಿಗಳನ್ನೆಲ್ಲ ಮರುಪರಿಶೀಲಿಸಲು ಉನ್ನತ ಸಮಿತಿಯನ್ನು ಘೋಷಿಸಿತು. ರಾಜ್ಯಗಳ ವ್ಯವಹಾರ ಸುಧಾರಣೆಯ ಪಟ್ಟಿಯಲ್ಲಿ 2020 ರಲ್ಲಿ 28ನೇ ಸ್ಥಾನಕ್ಕೆ ಜಾರಿದ್ದ ಕೇರಳ, 2024 ರಲ್ಲಿ ಒಂಬತ್ತು ವಿಭಾಗಗಳಲ್ಲಿ ಮುಂಚೂಣಿಗೆ ಬಂತು. ಇವು ಸುಳ್ಳಲ್ಲ, ಈ ಮಿಲ್ಲೇ ಅವುಗಳ ಒಂದು ಫಲ.

ಆದರೆ ಇಂಥ ಎಣಿಕೆ ಪರವಾನಗಿಗಳ ತಲೆ ಎಣಿಸುತ್ತದೆ. ಮಿಲ್ಲಿನವರಿಗೆ ಎದುರಾಗುವುದು ಪ್ರಶ್ನೆಗಳು, ಮತ್ತು ಅವು ಎರಡು ಜಾತಿಯವು. ಎಣ್ಣೆ ಶುದ್ಧವೇ, ತೂಕ ಸರಿಯೇ, ಹೊಗೆ ಎಲ್ಲಿಗೆ ಹೋಗುತ್ತದೆ ಎಂಬವು ಎದುರಿಗಿರುವ ವಸ್ತುವನ್ನು ನೋಡಿ ಕೇಳುವಂಥವು. ಕಟ್ಟಡಕ್ಕೆ ನಂಬ್ರವಿದೆಯೇ, ನಂಬ್ರಕ್ಕೆ ಸ್ವಾಧೀನ ಪತ್ರವಿದೆಯೇ, ಪತ್ರದಲ್ಲಿ ಏನು ಬರೆದಿದೆ ಎಂಬವು ಒಂದು ಕಾಗದವನ್ನು ಇನ್ನೊಂದು ಕಾಗದದಿಂದ ಅಳೆಯುವಂಥವು. ಸ್ವೀಕೃತಿ ಪ್ರಮಾಣಪತ್ರ ಎರಡೂ ಜಾತಿಯ ಪ್ರಶ್ನೆಗಳನ್ನು ಒಟ್ಟಿಗೆ ಮೂರು ವರ್ಷ ಮುಂದಕ್ಕೆ ತಳ್ಳಿತು. ಹೊಗೆಯನ್ನು ಮೊದಲ ವರ್ಷವೇ ಯಾರಾದರೂ ಬಂದು ನೋಡಬೇಕಿತ್ತು, ನೋಡಲಿಲ್ಲ. ಅಜ್ಜನ ಕಾಲದ ದಾಖಲೆಯನ್ನು ಸರಕಾರ ತಾನಾಗಿಯೇ ತಿದ್ದಬಹುದಿತ್ತು, ತಿದ್ದಲಿಲ್ಲ. ಪಂಚಾಯತಿನ ಲೈಸೆನ್ಸ್ ರದ್ದಾಗಿ ನೋಂದಣಿಯಾದರೂ, ಅದರ ಅರ್ಜಿ ಅದೇ ಹಳೆಯ ಸರಪಳಿಗೆ ಕೊಂಡಿ ಹಾಕಿಕೊಂಡಿತ್ತು.

ಗದ್ದೆ ಉಳಿಸುವ ಕಾಯಿದೆಯನ್ನೇ ಸಡಿಲಿಸಬೇಕೆಂದು ನಾನು ಹೇಳುವುದಿಲ್ಲ. ಬೈಲುಗಳಲ್ಲಿ ನೀರು ನಿಲ್ಲದಿದ್ದರೆ ಬೇಸಗೆಯಲ್ಲಿ ಬಾವಿಗಳು ಬತ್ತುವುದನ್ನು ಈ ಊರು ಕಂಡಿದೆ. ಕಚೇರಿಯವರನ್ನು ದೂರುವುದೂ ಸುಲಭವಲ್ಲ. ನಿಲಂ ಎಂದು ಬರೆದ ಜಾಗದ ಕಟ್ಟಡಕ್ಕೆ ನಂಬ್ರ ಕೊಟ್ಟರೆ ನಾಳೆ ಆಡಿಟ್ ಆಕ್ಷೇಪ ಬರುವುದು ಪಂಚಾಯತಿನ ಸೆಕ್ರೆಟರಿಯ ಹೆಸರಿಗೆ. ಕೊಡದೆ ಕುಳಿತರೆ ಯಾರೂ ಆಕ್ಷೇಪಿಸುವುದಿಲ್ಲ. ಲೈಸೆನ್ಸ್ ಹೋಗಿ ನೋಂದಣಿ ಬಂದ ಮಾತ್ರಕ್ಕೆ ಆ ಅಳುಕು ಹೋಗದು. ಆದರೆ ದತ್ತಾಂಶ ಪಟ್ಟಿ ಮತ್ತು ಕಂದಾಯ ದಾಖಲೆ ಎರಡೂ ಸರಕಾರದ ಕೈಯಲ್ಲೇ ಇವೆ, ಎರಡೂ ಕಂಪ್ಯೂಟರಿನಲ್ಲಿವೆ. ಸ್ವಯಂ ದೃಢೀಕರಣದ ಪುಟ ಸರ್ವೆ ನಂಬ್ರ ತುಂಬಿದೊಡನೆ ‘ಈ ಜಾಗ ದಾಖಲೆಯಲ್ಲಿ ನಿಲಂ ಎಂದಿದೆ, ಫಾರಂ 6 ಹಾಕಿ’ ಎಂದು ಹೇಳಿದ್ದರೆ, 2022 ರ ಮೇ ತಿಂಗಳ ಆ ದಿನವೇ ಅರ್ಜಿ ಹೋಗುತ್ತಿತ್ತು.

ಫಾರಂ 6 ಸಲ್ಲಿಸಿದ್ದು 2025 ರ ಜೂನಿನಲ್ಲಿ. ಹನ್ನೆರಡು ಸೆಂಟ್ಸ್ ಆದ್ದರಿಂದ ಶುಲ್ಕ ವಿನಾಯಿತಿ ಸಿಕ್ಕಿತು. ಸ್ಥಳ ಪರಿಶೀಲನೆಗೆ ವಿಲೇಜ್ ಆಫೀಸಿನವರು ಬಂದದ್ದು ಮಳೆ ಬಿಟ್ಟ ಒಂದು ಮಧ್ಯಾಹ್ನ. ಟೇಪು ಹಿಡಿದು ಶೆಡ್ಡು ಅಳೆದರು, ತೋಡಿನಿಂದ ಎಷ್ಟು ದೂರ ಎಂದು ನೋಡಿದರು, ಬಳಿಕ ಒಂದು ತೆಂಗಿನ ಮರದ ಬುಡದಲ್ಲಿ ನಿಂತು ಅದರ ಪ್ರಾಯ ಕೇಳಿದರು. “ನನ್ನ ಅಣ್ಣನ ಬಾರಸೆಯ ವರ್ಷ ಅಪ್ಪ ಇಟ್ಟದ್ದಂತೆ” ಎಂದರು ಆಕೆ. ಅಣ್ಣನಿಗೆ ಐವತ್ತಾರು. ಅಧಿಕಾರಿ ಮೇಲೆ ನೋಡಿ, ಮರದ ಫೋಟೋ ತೆಗೆದುಕೊಂಡು, ಪುಸ್ತಕದಲ್ಲಿ ‘ಸುಮಾರು 50 ವರ್ಷ’ ಎಂದು ಬರೆದರು. ಒಂದು ಪೊಟ್ಟಣ ಎಣ್ಣೆ ಕೊಡಹೋದಾಗ ಬೇಡವೆಂದು ಕೈಮುಗಿದರು. ಒತ್ತಾಯಿಸಿದ ಮೇಲೆ ದುಡ್ಡು ಕೊಟ್ಟೇ ಒಯ್ದರು.

ಆದೇಶ ಅಕ್ಟೋಬರಿನಲ್ಲಿ ಬಂತು. ಅದನ್ನು ತೀರ್ವೆ ದಾಖಲೆಯಲ್ಲಿ ಏರಿಸಲು ಇನ್ನೊಂದು ಅರ್ಜಿ, ಅದಾದ ಮೇಲೆ ಶೆಡ್ಡಿನ ಸಕ್ರಮದ ಅರ್ಜಿ, ಅದಾದ ಮೇಲೆ ನೋಂದಣಿ. ನವೆಂಬರಿಗೆ ಆರು ತಿಂಗಳ ಗಡುವು ಮುಗಿಯುವಾಗ ಎರಡನೆಯದು ಪಂಚಾಯತಿನ ಪರಿಶೀಲನೆಯಲ್ಲಿತ್ತು. ಮಿಲ್ಲು ಓಡುತ್ತಿದೆ. ಗೋಡೆಯಲ್ಲಿದ್ದ ಪ್ರಮಾಣಪತ್ರವನ್ನು ಕಟ್ಟಿನಿಂದ ತೆಗೆದು ಫೈಲಿಗೆ ಸೇರಿಸಿದ್ದೇವೆ. ಅರ್ಜಿಯ ಜೊತೆ ಅದರ ಮೂಲಪ್ರತಿಯೂ ಬೇಕಂತೆ.